ಕೊನ್ಯಾಕ್ ಮನೆತನಗಳು: ‘ಎಂಟನೇ ತಲೆಮಾರು’ ಅಂದರೆ ಯಾರ ತಲೆಮಾರು?

ವಂಶವೃಕ್ಷ

ಕೊನ್ಯಾಕ್ (ದ್ರಾಕ್ಷಿ ವೈನನ್ನು ಬಟ್ಟಿ ಇಳಿಸಿ ಮಾಡುವ ಫ್ರೆಂಚ್ ಬ್ರಾಂದಿ) ಕಂಪನಿಗಳ ಚರಿತ್ರೆ ಓದುತ್ತಾ ಬಂದಹಾಗೆ ಒಂದು ಪ್ರಶ್ನೆ ಗಟ್ಟಿಯಾಗುತ್ತಾ ಹೋಯಿತು. ಇಲ್ಲಿ ಇದರ ಬಗ್ಗೆ ಓದಿಕೊಂಡವರು ಇದ್ದೀರಿ, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಫ್ರಾನ್ಸಿನ ನೈರುತ್ಯ ಭಾಗದಲ್ಲಿ ಶರಾಂತ್ ನದಿಯ ದಂಡೆಯ ಮೇಲೆ ಕೊನ್ಯಾಕ್ ಊರಿದೆ. ಅಲ್ಲಿನ ಪ್ರತಿಯೊಂದು ಬ್ರಾಂದಿ ಮನೆಯೂ ತನ್ನ ಪರಿಚಯ ಶುರುಮಾಡುವುದು ತಲೆಮಾರಿನ ಲೆಕ್ಕದಿಂದಲೇ. ಹೆನ್ನೆಸಿಯನ್ನೇ ತೆಗೆದುಕೊಳ್ಳಿ. ಐರ್ಲೆಂಡಿನ ಕಾರ್ಕ್ ಕೌಂಟಿಯಿಂದ ಫ್ರೆಂಚ್ ಸೇನೆಗೆ ಸೇರಲು ಬಂದ ರಿಚರ್ಡ್ ಹೆನ್ನೆಸಿ 1765ರಲ್ಲಿ ಈ ವ್ಯಾಪಾರ ಹೂಡಿದ. ಅದಕ್ಕೆ ಗಟ್ಟಿ ರೂಪ ಕೊಟ್ಟವನು ಮಗ ಜೇಮ್ಸ್. 1971ರಲ್ಲಿ ಕಂಪನಿ ಶಾಂಪೇನ್ ತಯಾರಿಸುವ ಮೊಯೆ ಎ ಶಾಂದೋಂ ಜೊತೆ ಸೇರಿತು, 1987ರಲ್ಲಿ ಎಲ್‌ವಿಎಂಎಚ್ ಅನ್ನೋ ದೊಡ್ಡ ಗುಂಪಿನ ಭಾಗವಾಯಿತು. ಹೆನ್ನೆಸಿ ವಂಶದ ಎಂಟನೇ ತಲೆಮಾರಿನ ಮೊರೀಸ್ ಹೆನ್ನೆಸಿ ದೇಶದೇಶ ಸುತ್ತಿ ಕಂಪನಿಯ ರಾಯಭಾರಿಯಾಗಿ ಕೆಲಸ ಮಾಡಿದವರು.

ಅದೇ ಕಂಪನಿಯ ನೆಲಮಾಳಿಗೆಯಲ್ಲಿ ಇನ್ನೊಂದು ವಂಶ ಇದೆ, ಫಿಲ್ಯೂ ಅಂತ. ಅವರದ್ದೂ ಎಂಟು ತಲೆಮಾರು. ಯಾವ ಪೀಪಾಯಿಯದ್ದನ್ನು ಯಾವುದರ ಜೊತೆ ಬೆರೆಸಬೇಕು, ಯಾವುದನ್ನು ಇನ್ನೂ ಮೂವತ್ತು ವರ್ಷ ಮುಟ್ಟಬಾರದು ಅಂತ ತೀರ್ಮಾನ ಮಾಡುತ್ತಾ ಬಂದವರು ಅವರೇ. ಮೊರೀಸ್ ಫಿಲ್ಯೂ ತಮ್ಮ ಕೆಲಸವನ್ನು ಅಣ್ಣತಮ್ಮಂದಿರ ಮಗ ಯಾನ್ ಫಿಲ್ಯೂಗೆ ದಾಟಿಸಿದರು. 2017ರಲ್ಲಿ ಯಾನ್ ಕೂಡ ಮಗನಿಗಲ್ಲ, ಕುಟುಂಬದ ಮುಂದಿನ ಪೀಳಿಗೆಯ ರೆನೊ ಫಿಲ್ಯೂ ದ ಜಿರೋಂದ್‌ಗೆ ದಾಟಿಸಿದರು.

ಒಂದೇ ಕಂಪನಿ, ಎರಡು ವಂಶ, ಎರಡಕ್ಕೂ ಎಂಟು ತಲೆಮಾರು. ಲೇಬಲ್ ಮೇಲೆ ಇರುವುದು ಒಂದೇ ಹೆಸರು. ನನ್ನ ಅನಿಸಿಕೆ ಹೇಳಿಬಿಡುತ್ತೇನೆ: ಬ್ರಾಂದಿ ಮನೆಯ ನಿಜವಾದ ಮನೆತನ ಅಂದರೆ ಪೀಪಾಯಿ ಕಾದವರು, ಷೇರು ಹಿಡಿದವರಲ್ಲ. ಬೇರೆ ಯಾವ ವ್ಯಾಪಾರಕ್ಕೂ ಈ ಮಾತು ಇಷ್ಟು ಹೊಂದುವುದಿಲ್ಲ. ಬಟ್ಟೆ ಗಿರಣಿಯವನು ಈ ವರ್ಷ ನೇಯ್ದದ್ದನ್ನು ಈ ವರ್ಷವೇ ಮಾರುತ್ತಾನೆ. ಹಳೆಯ ಕೊನ್ಯಾಕ್ ಮಾರುವವನು ಮಾರುವುದು ತನ್ನ ತಾತನ ಕಾಲದಲ್ಲಿ ಬಟ್ಟಿ ಇಳಿಸಿದ್ದನ್ನು. ತಾನು ತುಂಬಿಸಿಟ್ಟ ಪೀಪಾಯಿಯನ್ನು ತೆರೆಯುವಾಗ ಅವನೇ ಇರುವುದಿಲ್ಲ.

ಒಪ್ಪದಿದ್ದರೆ ಕಾರಣ ಕೊಟ್ಟು ಬರೆಯಿರಿ.

ಲೆಕ್ಕದಪುಸ್ತಕ

ಪ್ರಶ್ನೆ ಚೆನ್ನಾಗಿದೆ, ಉತ್ತರವನ್ನು ಪೂರ್ತಿ ಒಪ್ಪಲಾರೆ. ಪೀಪಾಯಿ ಕಾಯುವವನಿಗೆ ಸಂಬಳ ಕೊಡುವವರು ಯಾರು ಸರ್? ಮಾರದೆ ಇಟ್ಟ ಮಾಲಿನ ಹೊರೆ ಹೊತ್ತವರು ಯಾರು?

ಈ ಹೊರೆ ಎಷ್ಟು ಅಂತ ನೋಡಿ. ಒಂದು ಲೀಟರ್ ಹೊಸ ಬ್ರಾಂದಿಗೆ ಸುಮಾರು ಒಂಬತ್ತು ಲೀಟರ್ ವೈನ್ ಬೇಕು. ಆ ವೈನ್ ಹುಳಿ, ತೆಳು, ಬರೀ ಎಂಟೊಂಬತ್ತು ಶೇಕಡಾ ಆಲ್ಕೊಹಾಲ್. ತಾಮ್ರದ ಬಟ್ಟಿಯಲ್ಲಿ ಎರಡು ಸಲ ಇಳಿಸಬೇಕು. ಮೊದಲ ಸಲ ಸುಮಾರು 30 ಶೇಕಡಾದ ಮಬ್ಬು ದ್ರವ ಬರುತ್ತದೆ, ಎರಡನೇ ಸಲ 70ರ ಆಸುಪಾಸಿನದ್ದು. ಎರಡನೇ ಸಲ ಮೊದಲು ಬರುವ ‘ತಲೆ’ ಮತ್ತು ಕೊನೆಗೆ ಬರುವ ‘ಬಾಲ’ ತೆಗೆದು ನಡುಭಾಗವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಕೊಯ್ಲಿನ ಮುಂದಿನ ವರ್ಷದ ಮಾರ್ಚ್ 31ರೊಳಗೆ ಈ ಕೆಲಸ ಮುಗಿಯಲೇಬೇಕು, ಕಾನೂನು ಹಾಗಿದೆ. ಆಮೇಲೆ ಓಕ್ ಪೀಪಾಯಿಗೆ. ಅಲ್ಲಿಂದ ಪ್ರತಿ ವರ್ಷ ಎರಡು ಶೇಕಡಾದಷ್ಟು ಗಾಳಿಗೆ ಹೋಗುತ್ತದೆ, ‘ದೇವದೂತರ ಪಾಲು’ ಅನ್ನುತ್ತಾರೆ. ಐವತ್ತು ವರ್ಷ ಇಟ್ಟರೆ ಅರ್ಧಕ್ಕಿಂತ ಹೆಚ್ಚು ಹೋದ ಹಾಗೇ. ಅಷ್ಟೂ ಕಾಲ ಆ ದುಡ್ಡು ಬಡ್ಡಿ ತರುವುದಿಲ್ಲ.

ಈಗ ಇದಕ್ಕೆ ಫ್ರಾನ್ಸಿನ ಆಸ್ತಿ ಕಾನೂನು ಸೇರಿಸಿ. 1804ರ ನೆಪೋಲಿಯನ್ ಸಂಹಿತೆ ಬಂದ ಮೇಲೆ ಮಕ್ಕಳೆಲ್ಲರಿಗೂ ಪಾಲು ಕೊಡಲೇಬೇಕು, ಹಿರಿಯ ಮಗನಿಗೆ ಎಲ್ಲ ಬರೆದುಕೊಡುವ ಹಾಗಿಲ್ಲ. ನಾಲ್ಕು ಮಕ್ಕಳಿದ್ದರೆ ನಾಲ್ಕು ಪಾಲು. ಅದರಲ್ಲಿ ಮೂವರಿಗೆ ದುಡ್ಡು ಈಗಲೇ ಬೇಕು. ಆಗ ‘ಮಾರೋದು ಬೇಡ’ ಅಂತ ಪಟ್ಟು ಹಿಡಿದು, ಉಳಿದವರ ಪಾಲು ಕೊಂಡುಕೊಂಡು, ಸಾಲ ಹೊತ್ತವನೇ ನನ್ನ ದೃಷ್ಟಿಯಲ್ಲಿ ಮನೆತನ ಉಳಿಸಿದವನು. ಫಿಲ್ಯೂಗಳ ಮೂಗು ಎಷ್ಟೇ ಚುರುಕಿರಲಿ, ಮೂಸಿ ನೋಡಲು ಪೀಪಾಯಿಯೇ ಇಲ್ಲದಿದ್ದರೆ ಏನು ಮಾಡುತ್ತಿದ್ದರು?

ಹೊಸಓದುಗ

ಮಧ್ಯೆ ಬಾಯಿ ಹಾಕ್ತಿದೀನಿ, ಬೇಜಾರು ಮಾಡ್ಕೋಬೇಡಿ. ಮೂವತ್ತು ವರ್ಷ, ಐವತ್ತು ವರ್ಷ ಅಂತೀರಲ್ಲ, ಅಷ್ಟು ವರ್ಷ ಮರದ ಪೀಪಾಯಿಯಲ್ಲೇ ಇರುತ್ತಾ? ಮರದ ರುಚಿ ಜಾಸ್ತಿ ಆಗಲ್ವಾ? ಮತ್ತೆ ಯಾವ ಪೀಪಾಯಿ ಯಾವ ವರ್ಷದ್ದು ಅಂತ ಮೂರು ತಲೆಮಾರು ಆದ್ಮೇಲೆ ಯಾರಿಗೆ ಗೊತ್ತಿರುತ್ತೆ?

ವಂಶವೃಕ್ಷ

ಬೇಜಾರೇನಿಲ್ಲ, ಇದೇ ಬೇಕಾದ ಪ್ರಶ್ನೆ.

ಪೂರ್ತಿ ಕಾಲ ಮರದಲ್ಲಿ ಇಡುವುದಿಲ್ಲ. ಹೊಸ ಬ್ರಾಂದಿಯನ್ನು ಮೊದಲು ಕೆಲವು ತಿಂಗಳು ಹೊಸ ಪೀಪಾಯಿಯಲ್ಲಿ ಇಡುತ್ತಾರೆ, ಬಣ್ಣವೂ ಒಗರೂ ಅಲ್ಲೇ ಬರುವುದು. ಆಮೇಲೆ ಹಲವು ಸಲ ಬಳಸಿ ಸತ್ವ ಇಳಿದ ಹಳೇ ಪೀಪಾಯಿಗೆ ಸಾಗಿಸುತ್ತಾರೆ. ಅಲ್ಲಿ ಮರದ ಕೆಲಸಕ್ಕಿಂತ ಗಾಳಿಯ ಕೆಲಸ ಹೆಚ್ಚು. ನೆಲಮಾಳಿಗೆ ನದಿಗೆ ಹತ್ತಿರ, ತೇವ ಹೆಚ್ಚಿದ್ದರೆ ಆಲ್ಕೊಹಾಲ್ ಬೇಗ ಇಳಿದು ರುಚಿ ಮೆತ್ತಗಾಗುತ್ತದೆ. ಒಣ ಮಾಳಿಗೆಯಲ್ಲಿ ನೀರಿನ ಅಂಶ ಹೆಚ್ಚು ಹೋಗಿ ಖಾರ ಉಳಿಯುತ್ತದೆ. ಹಾಗಾಗಿ ಒಂದೇ ಬಟ್ಟಿಯ ಮಾಲನ್ನು ಎರಡು ಮಾಳಿಗೆಗೆ ಹಂಚಿ ಇಡುವವರೂ ಇದ್ದಾರೆ. ಐದಾರು ದಶಕ ಕಳೆದು, ಇನ್ನು ಮರದಲ್ಲಿಟ್ಟರೆ ಕೆಡುತ್ತದೆ ಅನ್ನುವ ಹಂತಕ್ಕೆ ಬಂದಾಗ ಅದನ್ನು ದೊಡ್ಡ ಗಾಜಿನ ಬುದ್ದಲಿಗೆ ಸುರಿದು ಬಾಯಿ ಮುಚ್ಚುತ್ತಾರೆ. ಬುದ್ದಲಿಯ ಮೈಗೆ ಬೆತ್ತದ ಹೆಣಿಗೆ ಇರುತ್ತದೆ. ಗಾಜಿಗೆ ಹೋದ ಮೇಲೆ ವಯಸ್ಸು ಅಲ್ಲಿಗೇ ನಿಂತಿತು. 1870ರದ್ದು 1870ರದ್ದಾಗಿಯೇ ಇರುತ್ತದೆ. ಮಾಳಿಗೆಯ ಆ ಮೂಲೆಗೆ ಎಲ್ಲ ಮನೆಗಳಲ್ಲೂ ‘ಸ್ವರ್ಗ’ ಅನ್ನುತ್ತಾರೆ.

ಲೆಕ್ಕದ ವಿಷಯ: ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ವರ್ಷ, ನೆಲದ ಹೆಸರು, ಅಳತೆ ಬರೆದಿರುತ್ತಾರೆ. ಜೊತೆಗೆ ಪುಸ್ತಕ ಇರುತ್ತದೆ, ಸರ್ಕಾರದ ಲೆಕ್ಕ ಬೇರೆ. ಏಪ್ರಿಲ್ 1 ಬಂತೆಂದರೆ ಕೊನ್ಯಾಕ್ ಪ್ರಾಂತದ ಎಲ್ಲ ಬ್ರಾಂದಿಗೂ ಕಾಗದದ ಮೇಲೆ ಒಂದು ವರ್ಷ ವಯಸ್ಸಾಗುತ್ತದೆ. ಲೇಬಲ್ ಮೇಲಿನ ದರ್ಜೆಗಳೂ ಈ ವಯಸ್ಸಿನ ಲೆಕ್ಕದಲ್ಲೇ: ವಿಎಸ್ ಅನ್ನಿಸಿಕೊಳ್ಳಲು ಕನಿಷ್ಠ ಎರಡು ವರ್ಷ, ವಿಎಸ್‌ಒಪಿಗೆ ನಾಲ್ಕು. ಎಕ್ಸ್‌ಒಗೆ ಮೊದಲು ಆರು ಇತ್ತು, 2018ರಿಂದ ಹತ್ತು.

ಪುಸ್ತಕದಲ್ಲಿ ಬರೆಯಲಾಗದ ಭಾಗವೂ ಇದೆ. ಹೆನ್ನೆಸಿಯಲ್ಲಿ ರುಚಿ ನೋಡುವ ಮಂಡಳಿ ದಿನಾ ಬೆಳಿಗ್ಗೆ 11 ಗಂಟೆಗೆ ಸೇರುತ್ತದೆ. ಹೊಸದಾಗಿ ಸೇರಿದವರು ಹತ್ತು ವರ್ಷ ಮೂಸಿ, ರುಚಿ ನೋಡಿ, ಟಿಪ್ಪಣಿ ಬರೆದುಕೊಳ್ಳಬೇಕು ಅಷ್ಟೇ. ಅಭಿಪ್ರಾಯ ಹೇಳುವ ಹಕ್ಕು ಆಮೇಲೆ. ಇಪ್ಪತ್ತು ವರ್ಷದ ಹಿಂದೆ ಈ ಪೀಪಾಯಿ ಹೇಗಿತ್ತು ಅನ್ನೋ ನೆನಪು ನಾಲಿಗೆಯಲ್ಲೇ ಕೂರಬೇಕು, ಅದಕ್ಕೆ ಅಷ್ಟು ಕಾಲ. ಲೆಕ್ಕದಪುಸ್ತಕ ಅವರೇ, ಮೂಗಿಗೆ ಪೀಪಾಯಿ ಬೇಕು, ಒಪ್ಪಿದೆ. ಪೀಪಾಯಿ ಕೊಳ್ಳಬಹುದು. ಈ ನೆನಪನ್ನು ಯಾವ ಬೆಲೆಗೆ ಕೊಳ್ಳುತ್ತೀರಿ?

ಸುಣ್ಣನೆಲ

ಇಬ್ಬರೂ ಮಾಳಿಗೆಯೊಳಗೇ ಇದ್ದೀರಿ. ಸ್ವಲ್ಪ ಹೊರಗೆ ಬಂದು ತೋಟ ನೋಡಿ. ಬೆಳೆಗಾರರನ್ನು ಬಿಟ್ಟು ಈ ಕಥೆ ಹೇಳಿದರೆ ಅದು ಅನ್ಯಾಯ ಅಂತ ನನಗೆ ಬಲವಾಗಿ ಅನಿಸುತ್ತದೆ.

ಕೊನ್ಯಾಕ್‌ನ ದೊಡ್ಡ ಮನೆಗಳು ಮೂಲತಃ ವ್ಯಾಪಾರಿ ಮನೆಗಳು. ಬೆಳೆದವರು, ಬಹಳಷ್ಟು ಕಡೆ ಬಟ್ಟಿ ಇಳಿಸಿದವರು ಕೂಡ, ಹಳ್ಳಿಯ ರೈತ ಕುಟುಂಬಗಳು. ಚಳಿಗಾಲದಲ್ಲಿ ಬಟ್ಟಿ ಹಗಲೂ ರಾತ್ರಿ ಉರಿಯುತ್ತಿತ್ತು. ಒಂದು ಸುತ್ತಿಗೆ ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ, ತಲೆ ಎಲ್ಲಿ ಮುಗಿದು ನಡುಭಾಗ ಎಲ್ಲಿ ಶುರುವಾಯಿತು ಅನ್ನುವುದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಬಟ್ಟಿಯ ಪಕ್ಕದಲ್ಲೇ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಅವರಲ್ಲೂ ಆರು, ಎಂಟು, ಹತ್ತು ತಲೆಮಾರು ಆಗಿವೆ. ಅವರ ಹೆಸರು ಯಾವ ಸೀಸೆಯ ಮೇಲೂ ಬರಲಿಲ್ಲ.

ಈ ಎರಡು ಬಗೆಯ ಮನೆತನಗಳ ನಡುವಿನ ವ್ಯತ್ಯಾಸ ಬಯಲಾದದ್ದು ಫಿಲಾಕ್ಸೆರಾ ಬಂದಾಗ. ಅಮೆರಿಕದಿಂದ ಬಂದ, ಬೇರು ಹೀರುವ ಸಣ್ಣ ಕೀಟ. 1870ರ ದಶಕದಲ್ಲಿ ಶರಾಂತ್ ಸೀಮೆಗೆ ಕಾಲಿಟ್ಟಿತು. ಆಗ ಅಲ್ಲಿ ಸುಮಾರು 2,80,000 ಹೆಕ್ಟೇರ್ ದ್ರಾಕ್ಷಿ ಇತ್ತು. 1893ರ ಹೊತ್ತಿಗೆ ಉಳಿದದ್ದು 40,000 ಹೆಕ್ಟೇರ್ ಚಿಲ್ಲರೆ. ಮಾಳಿಗೆಯಲ್ಲಿ ಹಳೇ ದಾಸ್ತಾನು ತುಂಬಿದ್ದ ಮನೆಗಳು ಅದನ್ನೇ ಮಾರುತ್ತಾ ಆ ಕಾಲ ದಾಟಿದವು, ಅಭಾವದಿಂದ ಆ ದಾಸ್ತಾನಿನ ಬೆಲೆಯೂ ಏರಿತು. ಬಳ್ಳಿಯನ್ನೇ ನಂಬಿದ್ದ ರೈತನಿಗೆ ಮಾರಲು ಏನೂ ಇರಲಿಲ್ಲ. ಎಷ್ಟೋ ಕುಟುಂಬಗಳು ದ್ರಾಕ್ಷಿ ಬಿಟ್ಟು ಹಸು ಕಟ್ಟಿದವು. ಶರಾಂತ್ ಬೆಣ್ಣೆಗೆ ಹೆಸರು ಬಂದದ್ದು ಆಗಲೇ.

ಮತ್ತೆ ನೆಡುವುದೂ ಸುಲಭ ಇರಲಿಲ್ಲ. ಕೀಟ ತಡೆಯುವ ಅಮೆರಿಕದ ಬೇರಿಗೆ ಫ್ರೆಂಚ್ ಬಳ್ಳಿಯ ಕಸಿ ಕಟ್ಟಬೇಕು ಅನ್ನುವುದು ಗೊತ್ತಾಗಿತ್ತು. ಬೇರೆ ಸೀಮೆಗಳಲ್ಲಿ ಅದು ನಡೆಯಿತು, ಕೊನ್ಯಾಕ್‌ನಲ್ಲಿ ನಡೆಯಲಿಲ್ಲ. ಅಲ್ಲಿನ ಒಳ್ಳೆಯ ನೆಲ, ಗ್ರಾಂದ್ ಶಾಂಪೇನ್ ಅನ್ನುವ ಭಾಗ (ಶಾಂಪೇನ್ ಮದ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ), ಪೂರ್ತಿ ಸುಣ್ಣದ ನೆಲ. ಅಮೆರಿಕದ ಸಸಿಗಳು ಆ ಸುಣ್ಣಕ್ಕೆ ತಾಳದೆ ಎಲೆ ಹಳದಿಯಾಗಿ ಸಾಯುತ್ತಿದ್ದವು. 1887ರಲ್ಲಿ ಪಿಯರ್ ವಿಯಾಲ ಎಂಬ ವಿಜ್ಞಾನಿಯನ್ನು ಫ್ರೆಂಚ್ ಸರ್ಕಾರ ಅಮೆರಿಕಕ್ಕೆ ಕಳಿಸಿತು. ಅವನಿಗೆ ದಾರಿ ತೋರಿಸಿದವನು ಟೆಕ್ಸಾಸ್‌ನ ಡೆನಿಸನ್ ಊರಿನ ತೋಟಗಾರ ಟಿ. ವಿ. ಮನ್ಸನ್. ಟೆಕ್ಸಾಸ್‌ನ ಸುಣ್ಣದ ಗುಡ್ಡಗಳಲ್ಲಿ ಕಾಡಾಗಿ ಬೆಳೆಯುವ ಬೆರ್ಲಾಂಡಿಯೆರಿ ಅನ್ನೋ ಬಳ್ಳಿ ಈ ನೆಲಕ್ಕೂ ಒಗ್ಗುತ್ತದೆ ಅನ್ನುವುದು ಆಗ ಖಚಿತವಾಯಿತು. ಅದರಿಂದ ಮಾಡಿದ ಮಿಶ್ರ ತಳಿಯ ಬೇರುಗಳ ಮೇಲೆಯೇ ತೋಟಗಳು ಎದ್ದು ನಿಂತವು. ಫ್ರಾನ್ಸ್ 1888ರಲ್ಲಿ ಮನ್ಸನ್‌ಗೆ ಕೃಷಿ ಗೌರವ ಕೊಟ್ಟಿತು. ಕೊನ್ಯಾಕ್ ಮತ್ತು ಡೆನಿಸನ್ ಇವತ್ತಿಗೂ ಸೋದರ ನಗರಗಳು.

ಆ ಬದಲಾವಣೆಯಲ್ಲಿ ದ್ರಾಕ್ಷಿಯೂ ಬದಲಾಯಿತು. ಮೊದಲು ಫೋಲ್ ಬ್ಲಾಂಷ್ ಪ್ರಧಾನವಾಗಿತ್ತು, ಕಸಿ ಕಟ್ಟಿದ ಮೇಲೆ ಅದರ ಗೊಂಚಲು ಒತ್ತಾಗಿ ಬೆಳೆದು ಬೇಗ ಕೊಳೆಯತೊಡಗಿತು. ಜಾಗ ಹಿಡಿದದ್ದು ಉಗ್ನಿ ಬ್ಲಾಂ. ಈಗ ತೋಟದ 95 ಶೇಕಡಾಕ್ಕಿಂತ ಹೆಚ್ಚು ಅದೇ. ಅಂದರೆ ಇವತ್ತಿನ ಮನೆಗಳು ಮಾಡುತ್ತಿರುವುದು ಮುತ್ತಜ್ಜಂದಿರ ದ್ರಾಕ್ಷಿಯಿಂದಲ್ಲ, ಬೇರಂತೂ ಟೆಕ್ಸಾಸ್ ಸಂಬಂಧದ್ದು. ‘ಏನೂ ಬದಲಾಗದೆ ತಲೆಮಾರಿನಿಂದ ತಲೆಮಾರಿಗೆ’ ಅನ್ನೋ ಜಾಹೀರಾತಿನ ಮಾತು ಕಂಡಾಗೆಲ್ಲ ನನಗೆ ಆ ರೈತರ ನೆನಪಾಗುತ್ತದೆ. ಎಲ್ಲವನ್ನೂ ಬದಲಾಯಿಸಿಕೊಂಡೇ ಅವರು ಉಳಿದದ್ದು.

ಲೆಕ್ಕದಪುಸ್ತಕ

ಸುಣ್ಣನೆಲ ಅವರೇ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಒಂದು ಸೇರಿಸುತ್ತೇನೆ: ಆ ಅಭಾವದ ಕಾಲದಲ್ಲಿ ಧಾನ್ಯ, ಬೀಟ್‌ರೂಟ್ ಸ್ಪಿರಿಟ್‌ಗೆ ಬಣ್ಣ ಹಾಕಿ ಕೊನ್ಯಾಕ್ ಅಂತ ಮಾರುವ ದಂಧೆ ಬೆಳೆಯಿತು. ಅದಕ್ಕೆ ತಡೆಯಾಗಿ 1909ರ ಮೇ 1ರಂದು ಕೊನ್ಯಾಕ್ ಸೀಮೆಯ ಗಡಿ ಗೊತ್ತುಮಾಡುವ ಆದೇಶ ಬಂತು. ರೈತ ಮತ್ತು ವ್ಯಾಪಾರಿ ಇಬ್ಬರಿಗೂ ಬೇಕಾಗಿದ್ದ ಕಾನೂನು ಅದು.

ಹಳೇ ದಾಸ್ತಾನು ಮನೆಯನ್ನು ಉಳಿಸಿತು ಅಂದಿರಿ. ಅದೇ ದಾಸ್ತಾನು ಮನೆಯನ್ನು ಮುಳುಗಿಸಲೂ ಬಲ್ಲದು. ಜಾಂ ಮೊನೆಯನ್ನು ಯುರೋಪಿಯನ್ ಒಕ್ಕೂಟಕ್ಕೆ ಅಡಿಪಾಯ ಹಾಕಿದವನು ಅಂತ ಎಲ್ಲರೂ ಓದಿರುತ್ತೀರಿ. ಅವನು ಹುಟ್ಟಿದ್ದು 1888ರಲ್ಲಿ, ಕೊನ್ಯಾಕ್‌ನಲ್ಲಿ, ಬ್ರಾಂದಿ ವ್ಯಾಪಾರಿಯ ಮನೆಯಲ್ಲಿ. ಬೆಳೆಗಾರರು ಸೇರಿ ಕಟ್ಟಿದ್ದ ಕಂಪನಿಯನ್ನು ಅಪ್ಪ ನಡೆಸುತ್ತಿದ್ದ, ಮಾಲು ಅವನ ಹೆಸರಿನಲ್ಲೇ ಹೋಗುತ್ತಿತ್ತು. ಹದಿನಾರಕ್ಕೆ ಹುಡುಗನನ್ನು ಲಂಡನ್‌ಗೆ ಕಳಿಸಿದರು, ಹದಿನೆಂಟಕ್ಕೆ ಕೆನಡಾಕ್ಕೆ. ಪುಸ್ತಕ ಒಯ್ಯಬೇಡ, ಕಿಟಕಿಯಾಚೆ ನೋಡು, ಜನರ ಜೊತೆ ಮಾತಾಡು ಅಂತ ಅಪ್ಪ ಹೇಳಿ ಕಳಿಸಿದನಂತೆ. ಮುಂದೆ ಅವನು ಲೀಗ್ ಆಫ್ ನೇಷನ್ಸ್‌ನ ಉಪ ಮಹಾಕಾರ್ಯದರ್ಶಿಯಾದ. 1923ರಲ್ಲಿ ಆ ಹುದ್ದೆ ಬಿಟ್ಟು ಊರಿಗೆ ಬರಬೇಕಾಯಿತು, ಕಂಪನಿ ಮುಳುಗುತ್ತಿತ್ತು. ಅಪ್ಪನಿಗೆ ಹಳೆಯ ಬ್ರಾಂದಿಯ ಮೇಲೆ ಪ್ರಾಣ, ಮಾರಲು ಮನಸ್ಸಿಲ್ಲ. ಮಾರುಕಟ್ಟೆಗೆ ಬೇಕಿದ್ದದ್ದು ಎಳೆಯ, ಅಗ್ಗದ ಮಾಲು. ಹಳೆಯದನ್ನು ಕೈಬಿಟ್ಟು ವ್ಯಾಪಾರ ಉಳಿಸೋಣ ಅಂತ ಮಗ ಅಪ್ಪನನ್ನು ಒಪ್ಪಿಸಬೇಕಾಯಿತು.

ನಾನು ಹೇಳುತ್ತಿರುವುದು ಇದನ್ನೇ. ಕಾಯುವುದು ಒಂದು ವಿದ್ಯೆ ಆದರೆ, ಯಾವಾಗ ಕಾಯಬಾರದು ಅನ್ನುವುದು ಇನ್ನೊಂದು ವಿದ್ಯೆ. ಎರಡನೆಯದು ಮಾಳಿಗೆಯವನ ಕೆಲಸ ಅಲ್ಲ, ಯಜಮಾನನ ಕೆಲಸ. ಅಪ್ಪನೆದುರು ನಿಂತು ಆ ಮಾತು ಹೇಳುವುದು ಮಗನಿಗೆ ಎಷ್ಟು ಕಷ್ಟ ಆಗಿರಬೇಕು ಯೋಚಿಸಿ.

ವಂಶವೃಕ್ಷ

ಮೊನೆಯ ಉದಾಹರಣೆ ಭಾರವಾದದ್ದು, ಒಪ್ಪುತ್ತೇನೆ. ಆದರೆ ನೀವು ‘ಅಪ್ಪ, ಮಗ’ ಅಂದಿದ್ದು ನನಗೆ ಇನ್ನೊಂದು ದಾರಿ ತೆರೆಯಿತು. ಈ ಮನೆಗಳ ವಂಶಾವಳಿ ಬಿಡಿಸಿ ನೋಡಿದರೆ ಕಂಪನಿ ದಾಟಿರುವುದು ಗಂಡುಮಕ್ಕಳಿಂದ ಮಾತ್ರ ಅಲ್ಲ. ವಿಧವೆಯರು, ಹೆಣ್ಣುಮಕ್ಕಳು, ಅಳಿಯಂದಿರು ಇಲ್ಲದಿದ್ದರೆ ಅರ್ಧ ಮನೆಗಳು ಉಳಿಯುತ್ತಲೇ ಇರಲಿಲ್ಲ.

ಮಾರ್ಟೆಲ್ ನೋಡಿ. ಜರ್ಸಿ ದ್ವೀಪದಿಂದ ಬಂದ ಜಾಂ ಮಾರ್ಟೆಲ್ 1715ರಲ್ಲಿ ಶುರು ಮಾಡಿದ. 1753ರಲ್ಲಿ ಅವನು ತೀರಿಕೊಂಡಾಗ ವ್ಯಾಪಾರ ಹಿಡಿದವಳು ಹೆಂಡತಿ ರಾಶೆಲ್ ಲಾಲ್ಮಾಂ. ತನ್ನ ಸಹೋದರನನ್ನು ಜೊತೆಗಿಟ್ಟುಕೊಂಡು ಮಕ್ಕಳು ದೊಡ್ಡವರಾಗುವವರೆಗೂ ನಡೆಸಿದಳು. ಅವಳು ಕೈಚೆಲ್ಲಿದ್ದರೆ ಇವತ್ತು ಆ ಹೆಸರೇ ಇರುತ್ತಿರಲಿಲ್ಲ. 1795ರಲ್ಲಿ ಆ ಮನೆಯ ಮಾರ್ತಾ ಮಾರ್ಟೆಲ್ ಮದುವೆಯಾದದ್ದು ಜೇಮ್ಸ್ ಹೆನ್ನೆಸಿಯನ್ನು! ಮಾರುಕಟ್ಟೆಯಲ್ಲಿ ಎದುರಾಳಿಗಳು, ಮನೆಯಲ್ಲಿ ಬೀಗರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಾರ್ನಾಕ್ ಊರಿನ ಕಥೆ. ಡಬ್ಲಿನ್‌ನಿಂದ ಜೇಮ್ಸ್ ಡೆಲಮೇನ್ ಅನ್ನೋ ತರುಣ ಬಂದ. ಅಲ್ಲಿನ ವ್ಯಾಪಾರಿ ರಾನ್ಸನ್ ಮನೆಯ ಮಗಳನ್ನು ಮದುವೆಯಾಗಿ 1763ರಲ್ಲಿ ಮಾವನ ಪಾಲುದಾರನಾದ. ಕೆಲವು ದಶಕ ಕಳೆದ ಮೇಲೆ ಇಂಗ್ಲೆಂಡಿನ ಡಾರ್ಸೆಟ್‌ನಿಂದ ಥಾಮಸ್ ಹೈನ್ ಅನ್ನೋ ಇನ್ನೊಬ್ಬ ತರುಣ ಬಂದು ಅದೇ ಮನೆಯಲ್ಲಿ ಕೆಲಸಕ್ಕೆ ಸೇರಿದ, ಡೆಲಮೇನ್ ಮಗಳು ಎಲಿಜಬೆತ್‌ಳನ್ನು ಮದುವೆಯಾದ. 1817ರಲ್ಲಿ ಕಂಪನಿಗೆ ಅವನ ಹೆಸರೇ ಬಂತು. ರಾನ್ಸನ್ ಮನೆಯ ವ್ಯಾಪಾರ ಮಗಳ ಮೂಲಕ ಡೆಲಮೇನ್‌ಗೆ, ಮೊಮ್ಮಗಳ ಮೂಲಕ ಹೈನ್‌ಗೆ. ಬೋರ್ಡು ಎರಡು ಸಲ ಬದಲಾಯಿತು, ರಕ್ತ ಬದಲಾಗಲಿಲ್ಲ. ಅದನ್ನು ದಾಟಿಸಿದ ಹೆಣ್ಣುಮಕ್ಕಳ ಹೆಸರು ಬೋರ್ಡಿನ ಮೇಲೆ ಒಮ್ಮೆಯೂ ಬರಲಿಲ್ಲ. ಡೆಲಮೇನ್‌ಗಳ ಇನ್ನೊಂದು ಶಾಖೆ 1824ರಲ್ಲಿ ರೂಲೆ ಕುಟುಂಬದ ಜೊತೆ ಬೇರೆ ಕಂಪನಿ ಕಟ್ಟಿತು, 1920ರಿಂದ ಅದು ಬರೀ ಡೆಲಮೇನ್. ಆ ಮನೆಯ ರಾಬರ್ಟ್ ಡೆಲಮೇನ್ ಕೊನ್ಯಾಕ್‌ನ ಚರಿತ್ರೆಯನ್ನೇ ಬರೆದರು, ಜಾಕ್ ಡೆಲಮೇನ್ ಹಕ್ಕಿಗಳ ಬಗ್ಗೆ ಬರೆದು ದೇಶಕ್ಕೆಲ್ಲ ಗೊತ್ತಾದರು. ಬಾಯಿ ಮುಚ್ಚಿ ಕಾಯುವುದನ್ನು ಕಲಿತ ಮನೆಯಿಂದ ಹಕ್ಕಿ ನೋಡುವವನು ಬಂದದ್ದು ನನಗೆ ಸಹಜ ಅನಿಸುತ್ತದೆ.

ಲೆಕ್ಕದಪುಸ್ತಕ

ಹೆಣ್ಣುಮಕ್ಕಳ ಮಾತು ಬಂದಮೇಲೆ ರೆಮಿ ಮಾರ್ಟಿನ್ ಬಿಡುವ ಹಾಗಿಲ್ಲ.

1724ರಲ್ಲಿ ಶುರುವಾದ ಮನೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸೊರಗಿತ್ತು. 1924ರ ಹೊತ್ತಿಗೆ ಆಂದ್ರೆ ರೆನೊ ಅದನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡ. ಅವನು ಮಾರ್ಟಿನ್ ವಂಶದವನಲ್ಲ. ಅವನ ಹೆಂಡತಿ ಸೆಗೊಂಜಾಕ್‌ನ ಫ್ರಾಪ್ಯಾಂ ಮನೆಯವಳು. ತಾವು ಆ ಸೀಮೆಯಲ್ಲಿ 1270ರಿಂದ ಇದ್ದೇವೆ ಅನ್ನುವ ಕುಟುಂಬ ಅದು. 1965ರಲ್ಲಿ ರೆನೊ ತೀರಿಕೊಂಡಾಗ ಇದ್ದದ್ದು ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ಗಂಡ ಆಂದ್ರೆ ಎರಿಯಾರ್ ದ್ಯುಬ್ರೈ, ಕಿರಿಯವಳ ಗಂಡ ಮ್ಯಾಕ್ಸ್ ಕ್ವಾಂತ್ರೋ. ಕಿತ್ತಳೆ ಮದ್ಯದ ಆ ಕ್ವಾಂತ್ರೋ ಮನೆಯವನೇ. ಹಿರಿಯವಳಿಗೆ 51 ಪಾಲು, ಕಿರಿಯವಳಿಗೆ 49.

ಈ ಎರಡು ಶೇಕಡಾದ ಅಂತರ ಅಕ್ಕತಂಗಿಯರ ಮನೆಗಳನ್ನು ವರ್ಷಗಟ್ಟಲೆ ಕೋರ್ಟು ಹತ್ತಿಸಿತು. 51 ಇದ್ದವರಿಗೆ ಆಡಳಿತ ಸಿಕ್ಕಿತು, 49 ಇದ್ದವರಿಗೆ ಒಪ್ಪುವುದೂ ಆಗದು ಬಿಡುವುದೂ ಆಗದು. ಕೊನೆಗೆ ರೆಮಿ ಮಾರ್ಟಿನ್ ಎರಿಯಾರ್ ದ್ಯುಬ್ರೈ ಕಡೆ ಉಳಿದು, ಕ್ವಾಂತ್ರೋ ಕಂಪನಿಯ ಜೊತೆ ಸೇರಿ 1990ರ ದಶಕದ ಆರಂಭದಲ್ಲಿ ರೆಮಿ ಕ್ವಾಂತ್ರೋ ಆಯಿತು. ಮ್ಯಾಕ್ಸ್ ಮತ್ತು ಅವನ ಹೆಂಡತಿಯ ಪಾಲಿಗೆ ಬಂದದ್ದು ತಾಯಿಯ ಕಡೆಯ ಫ್ರಾಪ್ಯಾಂ ತೋಟ, ಮನೆ, ಮಾಳಿಗೆ. ಅವರು ಅದನ್ನು ಸ್ವಂತ ಹೆಸರಿನಲ್ಲಿ ಮಾರುವ ಮನೆಯಾಗಿ ಬೆಳೆಸಿದರು. ಜಗಳದಿಂದಲೇ ಒಂದು ಹಳೇ ಮನೆತನ ಮತ್ತೆ ಬೆಳಕಿಗೆ ಬಂತು.

ಹೊಸಓದುಗ

ಅಬ್ಬಾ, ಇದು ಕಾದಂಬರಿ ಥರ ಇದೆ! ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಬಂದಾಗ ಇಷ್ಟೊಂದು ಹಳೇ ಬ್ರಾಂದಿ ಉಳಿದಿದ್ದು ಹೇಗೆ? ಅವರು ಮೊದಲು ದೋಚಿದ್ದೇ ಅದನ್ನ ಅಲ್ವಾ?

ಸುಣ್ಣನೆಲ

ಜರ್ಮನ್ನರು ಬಹಳ ಮಾಲು ಕೊಂಡುಹೋದರು, ಆದರೆ ಹಳೇ ದಾಸ್ತಾನು ಬರಿದಾಗಲಿಲ್ಲ. ಕೊನ್ಯಾಕ್‌ಗೆ ಅವರು ನೇಮಿಸಿದ ಅಧಿಕಾರಿ ಗುಸ್ತಾವ್ ಕ್ಲೇಬಿಷ್ ಅದೇ ಊರಿನಲ್ಲಿ ಹುಟ್ಟಿದವನು. ಅವನ ಕುಟುಂಬಕ್ಕೆ ಅಲ್ಲಿ ಮ್ಯೂಕೋ ಅನ್ನೋ ಬ್ರಾಂದಿ ಮನೆ ಇತ್ತು, ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಅಂತ ಅದನ್ನು ಫ್ರಾನ್ಸ್ ಮುಟ್ಟುಗೋಲು ಹಾಕಿಕೊಂಡಿತ್ತು. ಸೇಡು ತೀರಿಸಿಕೊಳ್ಳಲು ಅವನಿಗೆ ಕಾರಣ ಇತ್ತು. ಆದರೆ ಮಾಳಿಗೆ ಒಮ್ಮೆ ಬರಿದಾದರೆ ತುಂಬಲು ಎರಡು ತಲೆಮಾರು ಬೇಕು ಅಂತ ಗೊತ್ತಿದ್ದವನೂ ಅವನೇ. ಊರಿನ ಕಡೆಯಿಂದ ಮೊರೀಸ್ ಹೆನ್ನೆಸಿ (ಮೊದಲು ಹೆಸರು ಬಂದವರಲ್ಲ, ಆ ಕಾಲದವರು) ಮತ್ತು ಬೆಳೆಗಾರರ ಪರವಾಗಿ ಪಿಯರ್ ವೆರ್ನೈ ಮುಂದೆ ನಿಂತು 1941ರಲ್ಲಿ ಒಂದು ಹಂಚಿಕೆ ಕಚೇರಿ ಕಟ್ಟಿದರು. ಯಾರು ಎಷ್ಟು ಕೊಡಬೇಕು ಅಂತ ಅಲ್ಲೇ ತೀರ್ಮಾನ. 1946ರಲ್ಲಿ ಅದರ ಜಾಗಕ್ಕೆ ಬಂದದ್ದೇ ಇವತ್ತಿನ ಕೊನ್ಯಾಕ್ ಮಂಡಳಿ. ವ್ಯಾಪಾರಿ, ಬೆಳೆಗಾರ ಇಬ್ಬರೂ ಒಂದೇ ಮೇಜಿಗೆ ಬಂದದ್ದು ಆ ಕಷ್ಟದಲ್ಲಿ. ನನಗೆ ಈ ಭಾಗ ಬಹಳ ಮುಖ್ಯ ಅನಿಸುತ್ತದೆ.

ಲೆಕ್ಕದಪುಸ್ತಕ

ಮನೆ ಮಾರಿದವರ ಪಟ್ಟಿಯೂ ಇರಲಿ. ಹೈನ್ 1971ರಲ್ಲಿ ಬ್ರಿಟನ್ನಿನ ಡಿಸ್ಟಿಲರ್ಸ್ ಕಂಪನಿಗೆ ಹೋಯಿತು. ಮಾರ್ಟೆಲ್ 1988ರಲ್ಲಿ ಸೀಗ್ರಾಮ್‌ಗೆ, 2001ರಲ್ಲಿ ಅಲ್ಲಿಂದ ಪೆರ್ನೋ ರಿಕಾರ್‌ಗೆ. ಡೆಲಮೇನ್ ಈಗ ಶಾಂಪೇನ್‌ನ ಬೋಲಾಂಜೆ ಕುಟುಂಬದ ಕಂಪನಿಯ ಕೈಯಲ್ಲಿದೆ. ಮಾರಿದವರನ್ನು ನಾನು ಹಳಿಯುವುದಿಲ್ಲ. ಏಳನೇ ತಲೆಮಾರಿಗೆ ಬರುವಾಗ ಪಾಲುದಾರರು ಡಜನ್‌ಗಟ್ಟಲೆ ಆಗಿರುತ್ತಾರೆ. ಮಾಳಿಗೆಯ ಮುಖವನ್ನೇ ನೋಡದವರ ಕೈಯಲ್ಲೂ ಷೇರು ಇರುತ್ತದೆ, ಹೊರಗಿನವನು ಒಳ್ಳೆಯ ಬೆಲೆ ಹೇಳಿದಾಗ ತಡೆಯುವವರು ಯಾರು?

ವಂಶವೃಕ್ಷ ಅವರೇ, ಹೈನ್ ವಿಷಯದಲ್ಲಿ ನಿಮ್ಮ ಕಡೆಗೆ ಒಂದು ಅಂಕ ಬಿಟ್ಟುಕೊಡುತ್ತೇನೆ. ಮಾರಾಟವಾದ ಮೇಲೂ ಆರನೇ ತಲೆಮಾರಿನ ಬರ್ನಾರ್ಡ್ ಹೈನ್ ಅಲ್ಲೇ ಉಳಿದು ದಶಕಗಳ ಕಾಲ ಮನೆಯ ಬ್ರಾಂದಿ ನೋಡಿಕೊಂಡರು. ಯಜಮಾನಿಕೆ ಹೋಯಿತು, ಕೆಲಸ ಹೋಗಲಿಲ್ಲ.

ವಂಶವೃಕ್ಷ

ಅಂಕ ತೆಗೆದುಕೊಳ್ಳುತ್ತೇನೆ. ಆದರೆ ನಿಮ್ಮೆಲ್ಲರ ಬರಹ ಓದಿದ ಮೇಲೆ ರಕ್ತಸಂಬಂಧಕ್ಕೆ ನಾನು ಕೊಟ್ಟ ತೂಕ ಸ್ವಲ್ಪ ಇಳಿಸಬೇಕಾಗಿದೆ. ರೆಮಿ ಮಾರ್ಟಿನ್‌ನಲ್ಲಿ ಮಾಳಿಗೆಯ ಹೊಣೆ ವಂಶದಲ್ಲಿ ಬಂದದ್ದಲ್ಲ. ಆಂದ್ರೆ ಜಿರೋ, ಆಮೇಲೆ ಜಾರ್ಜ್ ಕ್ಲೋ, 2003ರಲ್ಲಿ ಪಿಯರೆಟ್ ತ್ರಿಶೆ. ದೊಡ್ಡ ಕೊನ್ಯಾಕ್ ಮನೆಯೊಂದರ ಸೆಲ್ಲಾರ್ ಮಾಸ್ಟರ್ (ಮಾಳಿಗೆಯ ಮುಖ್ಯಸ್ಥೆ) ಆದ ಮೊದಲ ಹೆಂಗಸು ಆಕೆ, ಕಂಪನಿಯ ಪ್ರಯೋಗಾಲಯದಿಂದ ಮೇಲೆ ಬಂದವರು. 2014ರಲ್ಲಿ ಅವರು ಹೊಣೆ ಕೊಟ್ಟದ್ದು ಬಾಪ್ತಿಸ್ತ್ ಲುವಾಜೋಗೆ. ಒಬ್ಬರಿಗೊಬ್ಬರು ಸಂಬಂಧಿಕರಲ್ಲ. ಆದರೂ ಒಬ್ಬರು ಆರಿಸಿಟ್ಟದ್ದನ್ನು ಇನ್ನೊಬ್ಬರು ಬೆರೆಸುತ್ತಿದ್ದಾರೆ, ವರ್ಷಾನುಗಟ್ಟಲೆ ಜೊತೆಗೆ ಕೂತು ಕಲಿತಿದ್ದಾರೆ. ಅಲ್ಲಿ ಒಡೆತನ ವಂಶದಲ್ಲಿ ಉಳಿದಿದೆ, ಮಾಳಿಗೆ ಗುರುಶಿಷ್ಯರಲ್ಲಿ. ಹೆನ್ನೆಸಿಯಲ್ಲಿ ಸರಿಯಾಗಿ ತಿರುಗಾಮುರುಗಾ, ಒಡೆತನ ಷೇರುಪೇಟೆಗೆ ಹೋಗಿದೆ, ಮಾಳಿಗೆ ವಂಶದಲ್ಲಿ ಉಳಿದಿದೆ. ಎರಡೂ ನಡೆಯುತ್ತಿವೆ. ನಡೆಯದೆ ಇರುವುದು ಒಂದೇ, ಎರಡು ಸರಪಳಿಗಳೂ ಒಟ್ಟಿಗೆ ತುಂಡಾಗುವುದು.

ಸುಣ್ಣನೆಲ

ಇದನ್ನು ಒಪ್ಪುತ್ತೇನೆ. ಆದರೆ ಮೂರನೇ ಸರಪಳಿ ತೋಟದ್ದು, ಅದನ್ನು ಬಿಡಬೇಡಿ. ಇವತ್ತಿಗೂ ನಾಲ್ಕು ಸಾವಿರಕ್ಕಿಂತ ಹೆಚ್ಚು ಬೆಳೆಗಾರರಿದ್ದಾರೆ, ಬಹುಪಾಲು ದ್ರಾಕ್ಷಿ ಅವರದ್ದೇ, ಬಹುಪಾಲು ಮಾರಾಟ ನಾಲ್ಕು ದೊಡ್ಡ ಮನೆಗಳದ್ದು. ಮಾಲಿನಲ್ಲಿ ನೂರಕ್ಕೆ 97 ಪಾಲು ಹೊರದೇಶಕ್ಕೆ ಹೋಗುವುದರಿಂದ ಎಲ್ಲೋ ದೂರದ ತೀರ್ಮಾನಕ್ಕೆ ಪೆಟ್ಟು ತಿನ್ನುವುದು ಈ ರೈತ. 2024ರ ಜನವರಿಯಲ್ಲಿ ಚೀನಾ ಯುರೋಪಿನ ಬ್ರಾಂದಿಯ ಮೇಲೆ ತನಿಖೆ ಶುರು ಮಾಡಿದಾಗ ಆ ವರ್ಷ ಟ್ರ್ಯಾಕ್ಟರ್ ತಂದು ಕೊನ್ಯಾಕ್ ಬೀದಿಯಲ್ಲಿ ನಿಲ್ಲಿಸಿದವರು ಬೆಳೆಗಾರರೇ. ಬಳ್ಳಿ ಕೀಳಬೇಕಾ ಬೇಡವಾ ಅನ್ನೋ ಪ್ರಶ್ನೆ ಅವರ ಮನೆಯಲ್ಲಿ ಮತ್ತೆ ಬಂದಿದೆ. ನೆಟ್ಟ ಬಳ್ಳಿ ಮೂವತ್ತು ನಲವತ್ತು ವರ್ಷ ಫಲ ಕೊಡುತ್ತದೆ, ಕಿತ್ತರೆ ಮುಂದಿನ ತಲೆಮಾರಿನ ಪಾಲನ್ನೂ ಕಿತ್ತ ಹಾಗೆ.

ಹೊಸಓದುಗ

ಕೊನೇದಾಗಿ ಒಂದು. ಪೂರ್ತಿ ಕುಟುಂಬದ ಕೈಯಲ್ಲೇ ಇರೋ ಮನೆಗಳು ಈಗ ಯಾವುವು? ಅವುಗಳ ಬಗ್ಗೆ ಓದೋಣ ಅಂತ.

ಲೆಕ್ಕದಪುಸ್ತಕ

ಕಾಮ್ಯು ಇಂದ ಶುರು ಮಾಡಿ. 1863ರಲ್ಲಿ ಜಾಂ-ಬಾಪ್ತಿಸ್ತ್ ಕಾಮ್ಯು ಬೆಳೆಗಾರರನ್ನು ಸೇರಿಸಿಕೊಂಡು ಕಟ್ಟಿದ ಮನೆ, ಈಗ ಐದನೇ ತಲೆಮಾರು. ಒಂದು ಕಾಲದಲ್ಲಿ ರಷ್ಯಾದ ತ್ಸಾರ್ ಆಸ್ಥಾನಕ್ಕೆ ಮಾಲು ಹೋಗುತ್ತಿತ್ತು. ನಾಲ್ಕನೇ ತಲೆಮಾರಿನ ಮಿಶೆಲ್ ಕಾಮ್ಯು 1960ರ ದಶಕದಲ್ಲಿ ವಿಮಾನ ನಿಲ್ದಾಣಗಳ ಸುಂಕರಹಿತ ಅಂಗಡಿಗಳನ್ನು ನಂಬಿ ವ್ಯಾಪಾರ ಬೆಳೆಸಿದರು. ಫ್ರಾಪ್ಯಾಂ ಬಗ್ಗೆ ಮೇಲೆ ಬಂತು. ಗ್ರಾಂದ್ ಶಾಂಪೇನ್‌ನ ಸ್ವಂತ ತೋಟದ ದ್ರಾಕ್ಷಿ, ಸ್ವಂತ ಬಟ್ಟಿ, ಸ್ವಂತ ಮಾಳಿಗೆ. 1905ರಲ್ಲಿ ನಾರ್ವೆಯಿಂದ ಬಂದವನು ಕಟ್ಟಿದ ಬಾಷ್-ಗ್ಯಾಬ್ರಿಯಲ್ಸನ್ ಇನ್ನೊಂದು.

ಟೆಸ್ಸೆರೋನ್ ಬಗ್ಗೆಯೂ ಓದಿ. ಅದೂ 1905ರದ್ದೇ. ತಲೆಮಾರುಗಟ್ಟಲೆ ಹಳೇ ಬ್ರಾಂದಿ ಕೂಡಿಟ್ಟು ದೊಡ್ಡ ಮನೆಗಳಿಗೆ ಅವರ ಮಿಶ್ರಣಕ್ಕೆ ಅಂತ ಮಾರುತ್ತಿದ್ದ ಕುಟುಂಬ. ಸ್ವಂತ ಹೆಸರಿನ ಸೀಸೆ ಹೊರಬಂದದ್ದು 2000ದ ಇಸವಿ ದಾಟಿದ ಮೇಲೆ.

ವಂಶವೃಕ್ಷ

ಟೆಸ್ಸೆರೋನ್ ನನ್ನ ಪಟ್ಟಿಯಲ್ಲಿ ಇರಲಿಲ್ಲ, ಧನ್ಯವಾದ. ಹೊಸಓದುಗ ಅವರೇ, ಫ್ರಾಪ್ಯಾಂ ಮೊದಲು ಓದಿ. ತೋಟ, ಬಟ್ಟಿ, ಮಾಳಿಗೆ ಮೂರೂ ಒಂದೇ ಕಡೆ ಇರುವುದರಿಂದ ಇಲ್ಲಿ ನಾವು ಮೂವರು ವಾದಿಸಿದ್ದೆಲ್ಲ ಒಂದೇ ಮನೆಯಲ್ಲಿ ನೋಡಲು ಸಿಗುತ್ತದೆ.